ಪೈಪು ಬಂದರೆ ಸಾಲದು, ಒಲೆಯೂ ಬದಲಾಗಬೇಕು

ಕರ್ನಾಟಕದ ಅಡುಗೆಮನೆಗಳಿಗೆ ಪೈಪ್ ಗ್ಯಾಸ್ ಕಾಲಿಡುತ್ತಿರುವ ಹೊತ್ತು ಇದು. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಬರುವ ಸುಮಾರು 1,000 ಕಿಲೋಮೀಟರ್ ಉದ್ದದ ಅನಿಲ ಕೊಳವೆ ಮಾರ್ಗ 2013ರಲ್ಲಿ ಚಾಲೂ ಆಯಿತು. ಕೊಚ್ಚಿಯಿಂದ ಮಂಗಳೂರಿಗೆ ಬರುವ 450 ಕಿಲೋಮೀಟರಿನ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಬೆಂಗಳೂರು, ದಕ್ಷಿಣ ಕನ್ನಡ, ಧಾರವಾಡ ಎಂದು ಒಂದೊಂದೇ ಜಿಲ್ಲೆಯಲ್ಲಿ ರಸ್ತೆ ಅಗೆದು, ಗೋಡೆಗುಂಟ ಹಳದಿ ಪೈಪು ಏರಿಸಿ, ಮೀಟರ್ ಕೂರಿಸುವ ಕೆಲಸ ನಡೆದಿದೆ. ಈ ಇಡೀ ಏರ್ಪಾಟಿನಲ್ಲಿ ಪ್ರತಿ ಹಂತಕ್ಕೂ ಒಂದು ಪರೀಕ್ಷೆ ಇದೆ. ಪೈಪಿನ ಕೀಲುಗಳನ್ನು ಒತ್ತಡ ಕೊಟ್ಟು ನೋಡುತ್ತಾರೆ, ಮೀಟರಿನ ನಂಬರ್ ಬರೆದುಕೊಳ್ಳುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ. ಕಟ್ಟಕಡೆಗೆ ಉಳಿಯುವುದು ಒಲೆ. ಅದುವರೆಗೆ ಸಿಲಿಂಡರಿನಲ್ಲಿ ಉರಿಯುತ್ತಿದ್ದ ಅದೇ ಸ್ಟೌವನ್ನು ಬಿಚ್ಚಿ, ಒಳಗಿನ ಜೆಟ್ಟಿಗೆ ಏನೋ ಮಾಡಿ, ಹೊಸ ಪೈಪಿಗೆ ಸಿಕ್ಕಿಸಿ, ಹೊತ್ತಿಸಿ ತೋರಿಸಿ ಹೊರಟುಬಿಡುತ್ತಾರೆ. ಏನು ಮಾಡಿದರು ಎಂಬುದು ಮನೆಯವರಿಗೂ ಗೊತ್ತಿರುವುದಿಲ್ಲ, ಒಲೆಯ ಮೇಲೂ ಬರೆದಿರುವುದಿಲ್ಲ. ಅನಿಲ ನಿಜವಾಗಿ ಉರಿಯುವುದು ಒಲೆಯಲ್ಲಿ. ಹಾಗಾಗಿ ಒಲೆಯ ಪರಿವರ್ತನೆ ಪೈಪ್ ಜೋಡಣೆಯ ಕೊನೆಗೆ ಅಂಟಿಕೊಂಡ ಚಿಲ್ಲರೆ ಕೆಲಸ ಆಗಕೂಡದು. ಅದು ಸ್ವತಂತ್ರವಾದ, ಅಳತೆ ಮತ್ತು ದಾಖಲೆ ಬೇಡುವ ಕೆಲಸ. ಅದನ್ನು ಹಾಗೆ ಪರಿಗಣಿಸದೆ ಇರುವುದಕ್ಕೆ ಮನೆಯವರು ಇವತ್ತು ಬಿಲ್ಲಿನಲ್ಲಿ ದಂಡ ತೆರುತ್ತಿದ್ದಾರೆ, ನಾಳೆ ಒಲೆ ಬೇರೆ ಮನೆಗೆ ಹೋದಾಗ ಅಪಾಯವನ್ನೂ ಎದುರಿಸಬೇಕಾಗಬಹುದು ಎಂಬುದು ಈ ಲೇಖನದ ವಾದ.

ಮೊದಲಿಗೆ ಎರಡು ಅನಿಲಗಳ ಸ್ವಭಾವ ನೋಡೋಣ. ಸಿಲಿಂಡರಿನಲ್ಲಿ ಬರುವ ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಪೈಪಿನಲ್ಲಿ ಬರುವ ಪಿಎನ್‌ಜಿ ಬಹುಪಾಲು ಮೀಥೇನ್. ಮೀಥೇನಿನ ಅಣುವಿನಲ್ಲಿ ಇಂಗಾಲದ ಪರಮಾಣು ಒಂದೇ. ಪ್ರೊಪೇನಿನಲ್ಲಿ ಮೂರು, ಬ್ಯೂಟೇನಿನಲ್ಲಿ ನಾಲ್ಕು. ಅಣು ದೊಡ್ಡದಾದಷ್ಟೂ ಅದನ್ನು ಪೂರ್ತಿ ಉರಿಸಲು ಆಮ್ಲಜನಕ ಹೆಚ್ಚು ಬೇಕು. ಒಂದು ಲೀಟರ್ ಮೀಥೇನ್ ಚೆನ್ನಾಗಿ ಉರಿಯಲು ಸುಮಾರು ಒಂಬತ್ತೂವರೆ ಲೀಟರ್ ಗಾಳಿ ಸಾಕು; ಒಂದು ಲೀಟರ್ ಪ್ರೊಪೇನಿಗೆ 24 ಲೀಟರ್, ಬ್ಯೂಟೇನಿಗೆ 31 ಲೀಟರ್ ಬೇಕು. ಬಿಸಿಯ ಲೆಕ್ಕವೂ ಇದೇ ಜಾಡಿನದು: ಒಂದು ಘನ ಮೀಟರ್ ಎಲ್‌ಪಿಜಿ ಕೊಡುವ ಶಾಖ ಅಷ್ಟೇ ಪ್ರಮಾಣದ ಮೀಥೇನಿಗಿಂತ ಎರಡೂವರೆಯಿಂದ ಮೂರು ಪಟ್ಟು. ತೂಕವೂ ಬೇರೆ. ಮೀಥೇನ್ ಗಾಳಿಯ ಅರ್ಧದಷ್ಟು ಮಾತ್ರ ಭಾರ, ಎಲ್‌ಪಿಜಿ ಗಾಳಿಯ ಒಂದೂವರೆಯಿಂದ ಎರಡು ಪಟ್ಟು ಭಾರ. ಇನ್ನು ಒತ್ತಡ. ಸಿಲಿಂಡರಿನ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಅನಿಲ ಬಿಡುತ್ತದೆ. ಪೈಪ್ ಗ್ಯಾಸ್ ಮನೆಯೊಳಗೆ ಬರುವುದು 21 ಮಿಲಿಬಾರ್ ಆಸುಪಾಸಿನಲ್ಲಿ. ಅಂದರೆ ಗಾಳಿಯ ಬೇಡಿಕೆ, ಶಾಖ, ತೂಕ, ಒತ್ತಡ ಎಂಬ ನಾಲ್ಕು ಲೆಕ್ಕಗಳೂ ಒಟ್ಟಿಗೆ ಬದಲಾಗುತ್ತವೆ. ಎರಡನ್ನೂ ನಾವು ‘ಗ್ಯಾಸ್’ ಎಂದೇ ಕರೆಯುತ್ತೇವೆ, ಎರಡರಲ್ಲೂ ನೀಲಿ ಉರಿಯೇ ಬರುತ್ತದೆ. ಆದರೆ ಒಲೆಯ ಪಾಲಿಗೆ ಅವು ಒಂದೇ ಅಲ್ಲ.

ಒಲೆಯ ನಾಬಿನ ಹಿಂದೆ ಏನಿದೆ ಎಂದು ಕೊಂಚ ಹತ್ತಿರದಿಂದ ನೋಡಬೇಕು. ಬರ್ನರನ್ನು ಮೇಲೆತ್ತಿದರೆ ಅದರ ಕೆಳಗೆ ಒಂದು ಕೊಳವೆ ಕಾಣುತ್ತದೆ. ಕೊಳವೆಯ ಬಾಯಿಯ ಎದುರಿಗೆ, ನಾಬಿನ ಕಾಕ್ ತುದಿಯಲ್ಲಿ, ಹಿತ್ತಾಳೆಯ ಪುಟ್ಟ ಜೆಟ್ ಇರುತ್ತದೆ. ಅದರ ನಡುವಿನ ತೂತು ಒಂದು ಮಿಲಿಮೀಟರಿಗಿಂತಲೂ ಕಿರಿದು. ಅನಿಲ ಆ ತೂತಿನಿಂದ ರಭಸವಾಗಿ ಹೊರಬಂದು ಕೊಳವೆಯೊಳಗೆ ನುಗ್ಗುವಾಗ ಸುತ್ತಲಿನ ಗಾಳಿಯನ್ನೂ ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಗಾಳಿ ಊದುವ ಫ್ಯಾನಿಲ್ಲ, ಪಂಪಿಲ್ಲ. ಅನಿಲದ ಓಟವೇ ಗಾಳಿಯನ್ನು ಸೆಳೆಯುವ ಯಂತ್ರ. ಎಷ್ಟು ಗಾಳಿ ಒಳಗೆ ಬರಬೇಕು ಎಂಬುದನ್ನು ಜೆಟ್ಟಿನ ತೂತಿನ ಅಳತೆ, ಅನಿಲದ ಒತ್ತಡ, ಕೊಳವೆಯ ಬಾಯಿಯ ಅಗಲ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಹೀಗೆ ಬೆರೆತ ಅನಿಲ ಬರ್ನರಿನ ಸಣ್ಣ ಸಣ್ಣ ಕಂಡಿಗಳಿಂದ ಹೊರಬಂದು ಉರಿಯುತ್ತದೆ; ಕಡಿಮೆ ಬಿದ್ದ ಗಾಳಿಯನ್ನು ಉರಿಯು ಸುತ್ತಲಿನ ವಾತಾವರಣದಿಂದ ಎಳೆದುಕೊಳ್ಳುತ್ತದೆ. ನೀಲಿ, ಚುರುಕಾದ, ಬರ್ನರಿಗೆ ಅಂಟಿಕೊಂಡು ನಿಲ್ಲುವ ಉರಿ ಎಂದರೆ ಈ ಲೆಕ್ಕ ಸರಿ ಕೂತಿದೆ ಎಂದರ್ಥ. ಕಂಪನಿ ಒಂದು ಒಲೆಯನ್ನು ಎಲ್‌ಪಿಜಿಗೆಂದು ತಯಾರಿಸುವಾಗ ಜೆಟ್, ಕೊಳವೆ, ಕಂಡಿ, ಪಾತ್ರೆ ಮತ್ತು ಬರ್ನರಿನ ನಡುವಿನ ಅಂತರ ಎಲ್ಲವನ್ನೂ ಆ ಒಂದು ಅನಿಲಕ್ಕೆ ಹೊಂದಿಸಿರುತ್ತದೆ.

ಇಲ್ಲಿ ಒಬ್ಬ ಇಟಲಿಯವನ ಹೆಸರು ಹೇಳಲೇಬೇಕು. ಗೊಫ್ರೆಡೋ ವೊಬ್ಬೆ ಎಂಬಾತ 1920ರ ದಶಕದಲ್ಲಿ ಒಂದು ಸರಳ ಸೂತ್ರ ಕೊಟ್ಟ. ಅನಿಲದ ಶಾಖದ ಅಂಕಿಯನ್ನು, ಗಾಳಿಗೆ ಹೋಲಿಸಿದ ಅದರ ತೂಕದ ವರ್ಗಮೂಲದಿಂದ ಭಾಗಿಸಿದರೆ ಬರುವ ಸಂಖ್ಯೆ, ಒಂದೇ ತೂತಿನಿಂದ ಒಂದೇ ಒತ್ತಡದಲ್ಲಿ ಆ ಅನಿಲ ಎಷ್ಟು ಶಾಖ ಕೊಡಬಲ್ಲದು ಎಂಬುದನ್ನು ಹೇಳುತ್ತದೆ. ಇದನ್ನೇ ಇಂದಿಗೂ ವೊಬ್ಬೆ ಸೂಚ್ಯಂಕ ಎನ್ನುತ್ತಾರೆ. ನೈಸರ್ಗಿಕ ಅನಿಲಕ್ಕೆ ಇದು ಪ್ರತಿ ಘನ ಮೀಟರಿಗೆ ಸುಮಾರು 50 ಮೆಗಾಜೂಲ್, ಎಲ್‌ಪಿಜಿಗೆ 85ರ ಆಸುಪಾಸು. ಒತ್ತಡದ ವ್ಯತ್ಯಾಸವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಎಲ್‌ಪಿಜಿ ಕೊಡುತ್ತಿದ್ದಷ್ಟೇ ಶಾಖವನ್ನು ಪಿಎನ್‌ಜಿಯಿಂದ ಪಡೆಯಲು ಜೆಟ್ಟಿನ ತೂತಿನ ವಿಸ್ತೀರ್ಣ ಹೆಚ್ಚುಕಡಿಮೆ ಎರಡು ಪಟ್ಟು ಆಗಬೇಕು. ವ್ಯಾಸದಲ್ಲಿ ಹೇಳುವುದಾದರೆ ಸುಮಾರು 1.4 ಪಟ್ಟು: 0.7 ಮಿಲಿಮೀಟರ್ ಇದ್ದದ್ದು 1 ಮಿಲಿಮೀಟರ್ ಆದ ಹಾಗೆ. ಜೆಟ್ ಬದಲಿಸದೆ ಎಲ್‌ಪಿಜಿ ಒಲೆಯನ್ನು ನೇರವಾಗಿ ಪೈಪಿಗೆ ಜೋಡಿಸಿದರೆ ಅರ್ಧ ಶಾಖ ಮಾತ್ರ ಸಿಗುತ್ತದೆ. ಅನ್ನ ಬೇಯಲು ಎರಡರಷ್ಟು ಹೊತ್ತು ಹಿಡಿಯುತ್ತದೆ. ಇದು ಯಾರಿಗಾದರೂ ಕೂಡಲೇ ತಿಳಿಯುವ ತಪ್ಪು. ಹಾಗಾಗಿ ಜೆಟ್ ವಿಷಯ ಎಲ್ಲರಿಗೂ ಗೊತ್ತಿದೆ. ಆದರೆ ಪರಿವರ್ತನೆ ಎಂದರೆ ಜೆಟ್ ಒಂದೇ ಎಂಬ ತಿಳಿವಳಿಕೆ ಹುಟ್ಟಿದ್ದೂ ಇಲ್ಲಿಂದಲೇ.

ಜೆಟ್ ಬದಲಿಸುವುದರಲ್ಲಿ ಎರಡು ದಾರಿಗಳಿವೆ. ಒಂದು, ಪಿಎನ್‌ಜಿಗೆ ಅಳತೆ ಮಾಡಿ ತಯಾರಿಸಿದ ಹೊಸ ಜೆಟ್ ಹಾಕುವುದು. ಇನ್ನೊಂದು, ಇದ್ದ ಜೆಟ್ಟಿಗೇ ಸಣ್ಣ ಡ್ರಿಲ್ ಹಾಕಿ ತೂತು ದೊಡ್ಡದು ಮಾಡುವುದು. ನಮ್ಮಲ್ಲಿ ಎರಡನೆಯದಕ್ಕೆ ಧಾರಾಳವಾಗಿ ಅವಕಾಶ ಸಿಕ್ಕಿದೆ, ಏಕೆಂದರೆ ಮಾರುಕಟ್ಟೆಯಲ್ಲಿ ಒಲೆಗಳ ಮಾದರಿಗಳು ನೂರಾರು, ಪ್ರತಿಯೊಂದಕ್ಕೂ ಹೊಂದುವ ಜೆಟ್ ಚೀಲದಲ್ಲಿ ಇಟ್ಟುಕೊಂಡು ತಿರುಗುವುದು ಕಷ್ಟ. ತೂತಿನ ಅಳತೆ ಸರಿಯಿದ್ದರೆ ಸಾಕಲ್ಲವೇ ಎಂದು ಕೇಳಬಹುದು. ಅಳತೆ ಸರಿಯಿರುವುದೇ ಮೊದಲ ಪ್ರಶ್ನೆ. ಒಂದು ಮಿಲಿಮೀಟರಿನ ತೂತಿನಲ್ಲಿ ಹತ್ತನೇ ಒಂದು ಮಿಲಿಮೀಟರ್ ಹೆಚ್ಚಾದರೆ ವಿಸ್ತೀರ್ಣ ಶೇಕಡ 21ರಷ್ಟು ಹೆಚ್ಚುತ್ತದೆ, ಅನಿಲದ ಹರಿವೂ ಅಷ್ಟೇ ಏರುತ್ತದೆ. ಕೈಯಲ್ಲಿ ಹಿಡಿದ ಡ್ರಿಲ್ ತುಸು ವಾಲಿದರೆ ತೂತು ದುಂಡಗೆ ಉಳಿಯುವುದಿಲ್ಲ, ಅಂಚಿನಲ್ಲಿ ಹಿತ್ತಾಳೆಯ ಸಿಬಿರು ನಿಲ್ಲುತ್ತದೆ, ಅನಿಲದ ಧಾರೆ ಕೊಳವೆಯ ನಡುವಿಗೆ ಹೋಗುವ ಬದಲು ಪಕ್ಕಕ್ಕೆ ಬಡಿಯುತ್ತದೆ. ಗಾಳಿಯನ್ನು ಎಳೆದು ತರುವುದು ಆ ಧಾರೆಯೇ ಆದ್ದರಿಂದ, ಅದು ಓರೆಯಾದರೆ ಗಾಳಿ ಬೆರೆಯುವ ಲೆಕ್ಕ ಕೆಡುತ್ತದೆ. ಹೊರಗಿನಿಂದ ನೋಡಿದರೆ ಉರಿ ಇದೆ. ಅದು ಒಂದು ಬದಿಗೆ ಎತ್ತರ, ಇನ್ನೊಂದು ಬದಿಗೆ ತಗ್ಗು ಇದ್ದರೂ ಯಾರೂ ಕೇಳುವುದಿಲ್ಲ. ಡ್ರಿಲ್ ಮಾಡಿದ ಜೆಟ್ಟಿನ ಮೇಲೆ ಹಳೆಯ ನಂಬರೇ ಉಳಿದಿರುತ್ತದೆ ಎಂಬುದು ಇನ್ನೂ ದೊಡ್ಡ ತೊಂದರೆ. ಮುಂದೆ ಅದನ್ನು ಬಿಚ್ಚಿ ನೋಡುವವನಿಗೆ ಅದು ಎಲ್‌ಪಿಜಿ ಜೆಟ್ ಎಂದೇ ತೋರುತ್ತದೆ.

ಇನ್ನು ಸಿಮ್. ಪರಿವರ್ತನೆಯ ನಂತರ ಮನೆಗಳಲ್ಲಿ ಕೇಳಿಬರುವ ದೂರು ಬಹಳ ಸಲ ಇದೇ: ದೊಡ್ಡ ಉರಿ ಚೆನ್ನಾಗಿದೆ, ಆದರೆ ಸಿಮ್‌ಗೆ ಇಟ್ಟರೆ ಆರಿಹೋಗುತ್ತದೆ. ಹಾಲು ಸಣ್ಣ ಉರಿಯಲ್ಲಿಟ್ಟು ಕಿಟಕಿ ತೆರೆದರೆ ಸಾಕು. ಇದಕ್ಕೆ ಕಾರಣ ಜೆಟ್ಟಿನಲ್ಲಿ ಇಲ್ಲ. ನಾಬನ್ನು ಸಿಮ್‌ಗೆ ತಿರುಗಿಸಿದಾಗ ಅನಿಲ ಹರಿಯುವುದು ಕಾಕ್ ಒಳಗಿನ ಇನ್ನೊಂದು ಪುಟ್ಟ ತೂತಿನ ಮೂಲಕ. ಆಗ ಹರಿವನ್ನು ನಿರ್ಧರಿಸುವುದು ಅದೇ. ಆ ತೂತನ್ನು ಕೊರೆದದ್ದು ಎಲ್‌ಪಿಜಿಗೆ. ಜೆಟ್ ದೊಡ್ಡದು ಮಾಡಿ ಕಾಕ್ ಹಾಗೇ ಬಿಟ್ಟರೆ ದೊಡ್ಡ ಉರಿ ಸರಿಹೋಗುತ್ತದೆ, ಸಣ್ಣ ಉರಿ ಬಡಕಲಾಗುತ್ತದೆ. ಆರಿದ್ದು ಗಮನಕ್ಕೆ ಬಾರದೆ ಅನಿಲ ಸುಮ್ಮನೆ ಹರಿಯುತ್ತಿದ್ದರೆ ಅದು ಬರೀ ಕಿರಿಕಿರಿಯಾಗಿ ಉಳಿಯುವುದಿಲ್ಲ. ಉರಿ ಆರಿದರೆ ತಾನಾಗಿ ಅನಿಲ ನಿಲ್ಲಿಸುವ ಸಾಧನ ನಮ್ಮ ಬಹುಪಾಲು ಸಾಧಾರಣ ಒಲೆಗಳಲ್ಲಿ ಇಲ್ಲ. ಆದ್ದರಿಂದ ಪರಿವರ್ತನೆ ಮುಗಿಯಿತು ಎನ್ನುವ ಮೊದಲು ಪ್ರತಿ ಬರ್ನರನ್ನೂ ಸಿಮ್‌ನಲ್ಲಿ ಕೆಲವು ನಿಮಿಷ ಉರಿಸಿ, ನಾಬನ್ನು ದೊಡ್ಡ ಉರಿಯಿಂದ ಸಿಮ್‌ಗೆ ಸರ್ರನೆ ತಿರುಗಿಸಿ ನೋಡಬೇಕು. ಎರಡು ಸಲ ಆರಿದರೆ ಆ ಕಾಕ್ ಬದಲಾಗಬೇಕು, ಇಲ್ಲವೇ ಆ ಒಲೆ ಪೈಪ್ ಗ್ಯಾಸಿಗೆ ತಕ್ಕದ್ದಲ್ಲ.

ಈಗ ಹಣದ ಮಾತಿಗೆ ಬರೋಣ, ಏಕೆಂದರೆ ಪೈಪ್ ಗ್ಯಾಸ್ ಹಾಕಿಸುವವರಲ್ಲಿ ಬಹಳ ಮಂದಿ ಉಳಿತಾಯ ನೋಡಿಯೇ ಹಾಕಿಸುತ್ತಾರೆ. ಭಾರತೀಯ ಮಾನಕ ಬ್ಯೂರೋ ಎಲ್‌ಪಿಜಿ ಒಲೆಗೆ ಐಎಸ್ 4246 ಎಂಬ ಮಾನಕದಲ್ಲಿ ಕನಿಷ್ಠ ಶೇಕಡ 68ರ ದಕ್ಷತೆ ನಿಗದಿ ಮಾಡಿದೆ. ಅಂದರೆ ಉರಿದ ಅನಿಲದ ಶಾಖದಲ್ಲಿ ನೂರಕ್ಕೆ 68 ಪಾಲು ಪಾತ್ರೆಗೆ ಸೇರಬೇಕು. ಅದೇ ಒಲೆಯನ್ನು ಜೆಟ್ ಬದಲಿಸಿ ಪಿಎನ್‌ಜಿಗೆ ಜೋಡಿಸಿದಾಗ ದಕ್ಷತೆ ಶೇಕಡ 40ರ ಆಸುಪಾಸಿಗೆ ಇಳಿಯುತ್ತದೆ ಎಂಬುದನ್ನು ಸರ್ಕಾರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವೇ ಹೇಳಿದೆ. ಕಾರಣ ಮೇಲೆ ಹೇಳಿದ್ದೇ: ಬರ್ನರಿನ ಕಂಡಿ, ಕೊಳವೆ, ಪಾತ್ರೆಯ ಅಂತರ ಯಾವುದೂ ಈ ಅನಿಲಕ್ಕೆ ಹೊಂದಿಸಿದ್ದಲ್ಲ. ಉರಿ ಕಂಡಿಯಿಂದ ಮೇಲೆದ್ದು ನಿಲ್ಲುತ್ತದೆ, ಪಾತ್ರೆಯ ತಳ ತಬ್ಬುವ ಬದಲು ಅಂಚಿನಿಂದಾಚೆ ಹರಿದು ಅಡುಗೆಮನೆಯನ್ನು ಕಾಯಿಸುತ್ತದೆ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಈ ಸಂಘದ ಜೊತೆ ಸೇರಿ ಪಿಎನ್‌ಜಿಗೆಂದೇ ರೂಪಿಸಿದ ಒಲೆಯ ದಕ್ಷತೆ ಶೇಕಡ 55. ಈ ಅಂಕಿಗಳನ್ನು ಮನೆಯ ಲೆಕ್ಕಕ್ಕೆ ತಂದು ನೋಡಿ. 14.2 ಕಿಲೋ ಸಿಲಿಂಡರಿನಲ್ಲಿ ಇರುವುದು ಸುಮಾರು 650 ಮೆಗಾಜೂಲ್ ಶಾಖ. ಪೈಪ್ ಗ್ಯಾಸಿನ ಒಂದು ಘನ ಮೀಟರಿನಲ್ಲಿ ಸುಮಾರು 36. ಶಾಖಕ್ಕೆ ಶಾಖ ಹೋಲಿಸಿದರೆ ಒಂದು ಸಿಲಿಂಡರ್ ಎಂದರೆ 18 ಘನ ಮೀಟರ್ ಪೈಪ್ ಗ್ಯಾಸ್. ಆದರೆ ಅಡುಗೆ ಬೇಯಿಸುವುದು ಪಾತ್ರೆಗೆ ಸೇರಿದ ಶಾಖ. ಶೇಕಡ 68ರ ಒಲೆಯಲ್ಲಿ ಒಂದು ಸಿಲಿಂಡರ್ ಮಾಡುವ ಅಡುಗೆಯನ್ನು ಶೇಕಡ 40ರ ಪರಿವರ್ತಿತ ಒಲೆಯಲ್ಲಿ ಮಾಡಲು 31 ಘನ ಮೀಟರ್ ಬೇಕು. ಶೇಕಡ 55ರ ಒಲೆಯಲ್ಲಿ 22 ಸಾಕು. ಇವು ಪ್ರಯೋಗಾಲಯದ ಅಂಕಿಗಳು, ಹಳೆಯ ಎಲ್‌ಪಿಜಿ ಒಲೆಯ ದಕ್ಷತೆ 68ಕ್ಕಿಂತ ಕಡಿಮೆಯೇ ಇರುತ್ತದೆ, ಹಾಗಾಗಿ ಎಲ್ಲರ ಮನೆಯಲ್ಲೂ ಇಷ್ಟೇ ಬರಬೇಕೆಂದಿಲ್ಲ. ಆದರೂ 31ಕ್ಕೂ 22ಕ್ಕೂ ಇರುವ ಅಂತರ ಸಣ್ಣದಲ್ಲ. ತಿಂಗಳು ತಿಂಗಳೂ ಬಿಲ್ಲಿನಲ್ಲಿ ಅದು ಕೂತಿರುತ್ತದೆ, ಮತ್ತು ಅದರ ಕಾರಣ ಒಲೆಯಲ್ಲಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಗ್ಯಾಸಿನ ದರ ಏರಿತು ಎಂದುಕೊಳ್ಳುತ್ತಾರೆ.

ಈ ವಾದಕ್ಕೆ ಬರುವ ಮುಖ್ಯ ಆಕ್ಷೇಪ ಗಟ್ಟಿಯಾದದ್ದೇ. ದೆಹಲಿ, ಮುಂಬೈ, ಗುಜರಾತಿನ ಊರುಗಳಲ್ಲಿ ದಶಕಗಳಿಂದ ಲಕ್ಷಾಂತರ ಮನೆಗಳಲ್ಲಿ ಹೀಗೆಯೇ ಜೆಟ್ ಬದಲಿಸಿ ಒಲೆ ಉರಿಸುತ್ತಿದ್ದಾರೆ, ಮನೆಗಳೇನೂ ಉರಿದುಹೋಗಿಲ್ಲವಲ್ಲ ಎಂದು ಕೇಳುತ್ತಾರೆ. ನಿಜ. ಎಲ್‌ಪಿಜಿಯಿಂದ ಪಿಎನ್‌ಜಿಗೆ ಹೋಗುವಾಗ ಆಗುವ ತಪ್ಪುಗಳು ಹೆಚ್ಚಾಗಿ ಸೌಮ್ಯವಾದವು: ಉರಿ ಬಡಕಲಾಗುತ್ತದೆ, ಹಾರುತ್ತದೆ, ಆರುತ್ತದೆ, ಖರ್ಚು ಹೆಚ್ಚುತ್ತದೆ. ಆದರೆ ಈ ದಾರಿ ಎರಡೂ ಕಡೆಗೆ ಒಂದೇ ಸಮನಾಗಿಲ್ಲ. ತೂತು ದೊಡ್ಡದು ಮಾಡಿದ ಒಲೆಯನ್ನು ತಿರುಗಿ ಸಿಲಿಂಡರಿಗೆ ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ನೋಡಿ. ಎರಡು ಪಟ್ಟು ವಿಸ್ತೀರ್ಣದ ತೂತಿನಿಂದ, ಹೆಚ್ಚಿನ ಒತ್ತಡದಲ್ಲಿ, ಹೆಚ್ಚು ಶಾಖದ ಅನಿಲ ನುಗ್ಗುತ್ತದೆ. ಬರ್ನರಿಗೆ ಹೇಳಿದ ಶಾಖದ ಇಮ್ಮಡಿ. ಅನಿಲ ಇಮ್ಮಡಿಯಾದಾಗ ಅದು ಎಳೆದು ತರುವ ಗಾಳಿ ಇಮ್ಮಡಿಯಾಗುವುದಿಲ್ಲ, ಅದು ಏರುವುದು ನಿಧಾನಕ್ಕೆ. ಹಾಗಾಗಿ ಪ್ರತಿ ಲೀಟರ್ ಅನಿಲದ ಪಾಲಿಗೆ ಗಾಳಿ ಕಮ್ಮಿ ಬೀಳುತ್ತದೆ. ಉರಿ ಉದ್ದವಾಗಿ ಹಳದಿಯಾಗುತ್ತದೆ, ಪಾತ್ರೆಯ ತಳ ಮಸಿ ಹಿಡಿಯುತ್ತದೆ, ಅರೆಬರೆ ಉರಿದ ಅನಿಲದಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅನಿಲಕ್ಕೆ ಬೆರೆಸುವ ಘಾಟು ವಾಸನೆ ಸೋರಿಕೆಯನ್ನು ತಿಳಿಸಬಲ್ಲದು, ಈ ವಿಷವನ್ನು ತಿಳಿಸಲಾರದು. ಹೆಚ್ಚಿದ ಉರಿ ನಾಬನ್ನೂ ರಬ್ಬರ್ ಹೋಸನ್ನೂ ಕಾಯಿಸುತ್ತದೆ.

ಇದು ಅಪರೂಪದ ಸಂದರ್ಭ ಅಲ್ಲವೇ ಅಲ್ಲ. ಬೆಂಗಳೂರಿನಂಥ ಊರಿನಲ್ಲಿ ಜನ ಬಾಡಿಗೆ ಮನೆ ಬದಲಿಸುತ್ತಲೇ ಇರುತ್ತಾರೆ. ಪೈಪ್ ಗ್ಯಾಸ್ ಇದ್ದ ಅಪಾರ್ಟ್‌ಮೆಂಟಿನಿಂದ ಸಿಲಿಂಡರ್ ಬಡಾವಣೆಗೆ ಹೋದಾಗ ಒಲೆ ಲಾರಿಯಲ್ಲಿ ಜೊತೆಗೇ ಹೋಗುತ್ತದೆ. ಹಳೆಯ ಒಲೆಯನ್ನು ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಕಳಿಸುತ್ತಾರೆ, ಮನೆಗೆಲಸದವರಿಗೆ ಕೊಡುತ್ತಾರೆ, ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹಾಕುತ್ತಾರೆ. ಪೈಪ್ ಗ್ಯಾಸ್ ನಿಂತರೆ ಇರಲಿ ಎಂದು ಒಂದು ಸಿಲಿಂಡರನ್ನು ಮೂಲೆಯಲ್ಲಿಟ್ಟುಕೊಂಡು, ಸರಬರಾಜು ಕೈಕೊಟ್ಟ ದಿನ ಅದೇ ಒಲೆಗೆ ಸಿಕ್ಕಿಸುವವರೂ ಇದ್ದಾರೆ. ಇವರಲ್ಲಿ ಯಾರದ್ದೂ ಅಜಾಗ್ರತೆ ಎನ್ನುವಂತಿಲ್ಲ. ಒಲೆಯೊಳಗಿನ ಜೆಟ್ ಯಾವುದಕ್ಕೆ ಹೊಂದಿಸಿದ್ದು ಎಂದು ಅದರ ಮೇಲೆ ಎಲ್ಲೂ ಬರೆದಿಲ್ಲ. ಹೊರಗಿನ ಮುದ್ರೆಯಲ್ಲಿ ಇನ್ನೂ ಎಲ್‌ಪಿಜಿ ಎಂದೇ ಇರುತ್ತದೆ. ಪರಿವರ್ತನೆ ಮಾಡಿದವರ ತಲೆಯಲ್ಲಿ ಮಾತ್ರ ಇರುವ ಮಾಹಿತಿ ಮೂರು ವರ್ಷದ ನಂತರ ಮೂರನೆಯ ಮನೆಯವರಿಗೆ ತಲುಪುವುದು ಹೇಗೆ?

ಇಡೀ ದೇಶವೊಂದು ತನ್ನ ಒಲೆಗಳನ್ನೆಲ್ಲ ಒಂದು ಅನಿಲದಿಂದ ಇನ್ನೊಂದಕ್ಕೆ ಬದಲಿಸಿದ ಉದಾಹರಣೆ ನಮ್ಮ ಮುಂದಿದೆ. ಬ್ರಿಟನ್ನಿನ ಮನೆಗಳಲ್ಲಿ ನೂರೈವತ್ತು ವರ್ಷ ಉರಿದದ್ದು ಕಲ್ಲಿದ್ದಲಿನಿಂದ ತೆಗೆದ ಅನಿಲ. ಅದರಲ್ಲಿ ಅರ್ಧದಷ್ಟು ಜಲಜನಕ, ಜೊತೆಗೆ ವಿಷಕಾರಿ ಮಾನಾಕ್ಸೈಡ್. ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕ ಮೇಲೆ ಹಳೆಯದನ್ನು ಬಿಡಲು ತೀರ್ಮಾನವಾಯಿತು. ಹೊಸ ಅನಿಲದ ಶಾಖ ಹಳೆಯದರ ಎರಡು ಪಟ್ಟು, ಉರಿಯ ವೇಗ ಬಹಳ ಕಡಿಮೆ. 1966ರಲ್ಲಿ ಎಸೆಕ್ಸಿನ ಕ್ಯಾನ್ವಿ ದ್ವೀಪದಲ್ಲಿ ಕೆಲವು ಸಾವಿರ ಮನೆಗಳಲ್ಲಿ ಪ್ರಯೋಗ ಮಾಡಿ, 1967ರಿಂದ 1977ರವರೆಗೆ ಬೀದಿ ಬೀದಿ ಹಿಡಿದು ಸುಮಾರು 1.3 ಕೋಟಿ ಗ್ರಾಹಕರ ಸುಮಾರು 4 ಕೋಟಿ ಉಪಕರಣಗಳನ್ನು ಬದಲಿಸಿದರು. ಗಮನಿಸಬೇಕಾದದ್ದು ಅವರು ಕೆಲಸ ನಡೆಸಿದ ರೀತಿ. ಮೊದಲು ಪ್ರತಿ ಮನೆಗೂ ಹೋಗಿ ಯಾವ ಮಾದರಿಯ ಒಲೆ, ಯಾವ ಹೀಟರ್ ಇದೆ ಎಂದು ಪಟ್ಟಿ ಮಾಡಿದರು. ಆ ಮಾದರಿಗೆ ತಕ್ಕ ಜೆಟ್, ಬೇಕಾದರೆ ಬರ್ನರ್ ಸಮೇತ ಒಂದೊಂದು ಕಿಟ್ ಸಿದ್ಧಪಡಿಸಿದರು. ಕಿಟ್ ಸಿಗದ ಹಳೆಯ ಉಪಕರಣಗಳನ್ನು ತೆಗೆದು ಹೊಸದನ್ನು ಕೊಡಬೇಕಾಯಿತು. ಆದರೂ ತಪ್ಪುಗಳಾದವು, ಜನರ ದೂರುಗಳು ಹೆಚ್ಚಿದವು, ಸುರಕ್ಷತೆಯ ಬಗ್ಗೆ ಆತಂಕ ಎದ್ದಾಗ ಪ್ರೊಫೆಸರ್ ಫ್ರ್ಯಾಂಕ್ ಮಾರ್ಟನ್ ವಿಚಾರಣೆ ನಡೆಸಿ 1970ರಲ್ಲಿ ವರದಿ ಕೊಟ್ಟರು. ಅಷ್ಟು ಸಿದ್ಧತೆ ಮಾಡಿಕೊಂಡವರಿಗೂ ಇದು ಸುಲಭದ ಕೆಲಸ ಆಗಿರಲಿಲ್ಲ. ನಮ್ಮಲ್ಲಿ ಪರಿವರ್ತನೆ ಒಂದೊಂದೇ ಮನೆಯಲ್ಲಿ, ಒಂದೊಂದೇ ಬಡಾವಣೆಯಲ್ಲಿ, ವರ್ಷಗಟ್ಟಲೆ ನಡೆಯುತ್ತದೆ. ಪೈಪಿನ ಮನೆಯ ಪಕ್ಕದಲ್ಲೇ ಸಿಲಿಂಡರಿನ ಮನೆ ಇರುತ್ತದೆ. ಆ ದೃಷ್ಟಿಯಿಂದ ಒಲೆ ಅದಲುಬದಲಾಗುವ ಸಾಧ್ಯತೆ ಅಲ್ಲಿಗಿಂತ ಇಲ್ಲೇ ಹೆಚ್ಚು.

ಈ ತೊಡಕಿಗೆ ಪರಿಹಾರ ದುಬಾರಿಯೇನಲ್ಲ. ಯೂರೋಪಿನಲ್ಲಿ ಮಾರುವ ಒಲೆಗಳಿಗೆ ಯಾವ ಅನಿಲಕ್ಕೆ, ಎಷ್ಟು ಮಿಲಿಬಾರಿಗೆ ಹೊಂದಿಸಲಾಗಿದೆ ಎಂಬ ಫಲಕ ಅಂಟಿಸಿರುತ್ತದೆ. ಪರಿವರ್ತನೆ ಮಾಡಿದರೆ ಹೊಸ ಚೀಟಿ ಅಂಟಿಸುವುದು ಕೆಲಸದ ಭಾಗ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಬಲ್ಲಂತೆ, ಅಲ್ಲಿನ ಅನೇಕ ಒಲೆಗಳು ಪೈಪಿನ ಅನಿಲಕ್ಕೆ ಹೊಂದಿಸಿ ಬರುತ್ತವೆ, ಜೊತೆಗೆ ಪ್ರೊಪೇನ್ ಜೆಟ್ಟುಗಳ ಪುಟ್ಟ ಪೊಟ್ಟಣವೂ ಇರುತ್ತದೆ. ತೆಗೆದ ಜೆಟ್ಟುಗಳನ್ನು ಅದೇ ಪೊಟ್ಟಣದಲ್ಲಿ ಹಾಕಿ ಇಟ್ಟುಕೊಳ್ಳಿ ಎಂದು ಕೈಪಿಡಿಯೇ ಹೇಳುತ್ತದೆ. ಚೀಟಿ ಅಂಟಿಸಿದ ಮಾತ್ರಕ್ಕೆ ಅಡುಗೆಮನೆಯ ಎಣ್ಣೆಜಿಡ್ಡಿನಲ್ಲಿ ಅದು ಎಷ್ಟು ದಿನ ಉಳಿದೀತು ಎಂದು ಯಾರಾದರೂ ಕೇಳಿಯಾರು. ಕಾಗದದ ಚೀಟಿ ಉಳಿಯದು ನಿಜ. ಒಲೆಯ ತಳಭಾಗಕ್ಕೆ, ರಬ್ಬರ್ ಹೋಸ್ ಜೋಡಿಸುವ ಮೂತಿಯ ಪಕ್ಕದಲ್ಲಿ, ಲೋಹದ ಪಟ್ಟಿ ಹೊಡೆದರೆ ಉಳಿಯುತ್ತದೆ. ಹೋಸ್ ಸಿಕ್ಕಿಸುವವನ ಕಣ್ಣು ಹೋಗಲೇಬೇಕಾದ ಜಾಗ ಅದು.

ಹಾಗಾದರೆ ಎಲ್ಲರೂ ಹೊಸ ಒಲೆಯನ್ನೇ ಕೊಳ್ಳಬೇಕೇ? ಪಿಎನ್‌ಜಿ ಒಲೆಗೆ ಈಗ ಐಎಸ್ 17153 ಎಂಬ ಪ್ರತ್ಯೇಕ ಮಾನಕವೇ ಇದೆ, ಅಂಥ ಒಲೆಗಳು ಸಿಗುತ್ತವೆ. ಪೈಪ್ ಗ್ಯಾಸ್ ಬಂದು ನೆಲೆ ನಿಂತ ಸ್ವಂತ ಮನೆ, ದೊಡ್ಡ ಕುಟುಂಬ, ದಿನಕ್ಕೆ ಎರಡು ಹೊತ್ತು ಪೂರ್ತಿ ಅಡುಗೆ ಎಂದಾದರೆ ಹೊಸ ಒಲೆಯೇ ಸರಿ; ಮೇಲಿನ ಲೆಕ್ಕದ 9 ಘನ ಮೀಟರ್ ಉಳಿತಾಯ ಅದರ ಬೆಲೆಯನ್ನು ಕಾಲಕ್ರಮದಲ್ಲಿ ತೀರಿಸುತ್ತದೆ. ಹಳೆಯ ಒಲೆ ಹತ್ತು ವರ್ಷ ದಾಟಿದ್ದು, ಕಾಕ್ ಬಿಗಿಯಾಗಿದ್ದು, ಬರ್ನರಿನ ಕಂಡಿ ಸವೆದಿದ್ದರೆ ಅದಕ್ಕೆ ಹೊಸ ಜೆಟ್ ಹಾಕುವುದರಲ್ಲಿ ಅರ್ಥವೇ ಇಲ್ಲ. ಆದರೆ ಒಳ್ಳೆಯ ಸ್ಥಿತಿಯಲ್ಲಿರುವ ಒಲೆಯನ್ನು ಬಿಸಾಡಿ ಎನ್ನುವುದು ಬಡ ಮನೆಗಳಿಗೆ ಹೇಳುವ ಮಾತಲ್ಲ, ಬಾಡಿಗೆ ಮನೆಯವರಿಗೂ ಹೇಳುವ ಮಾತಲ್ಲ. ಅಂಥವರ ಒಲೆಯನ್ನು ಪರಿವರ್ತಿಸುವುದೇ ಆದರೆ ತಯಾರಕರೇ ಕೊಡುವ ಪಿಎನ್‌ಜಿ ಜೆಟ್ ಹಾಕಬೇಕು, ತೆಗೆದ ಎಲ್‌ಪಿಜಿ ಜೆಟ್ಟುಗಳನ್ನು ಮನೆಯವರ ಕೈಗೆ ಕೊಡಬೇಕು. ಅದು ಅವರ ಒಲೆಯ ಭಾಗ, ನಾಳೆ ಸಿಲಿಂಡರಿಗೆ ಮರಳಬೇಕಾದರೆ ಬೇಕಾಗುವುದು ಅದೇ.

ಒಲೆ ಬದಲಾದಾಗ ಅಡುಗೆಮನೆಯ ರೂಢಿಯೂ ಕೊಂಚ ಬದಲಾಗಬೇಕು. ಎಲ್‌ಪಿಜಿ ಸೋರಿದರೆ ನೆಲದುದ್ದಕ್ಕೂ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ, ಅದಕ್ಕೆ ಕೆಳಗಿನ ಕಿಂಡಿ ಬೇಕು. ಪೈಪ್ ಗ್ಯಾಸ್ ಹಗುರ, ಮೇಲೇರಿ ಸೂರಿನಡಿ ಸೇರುತ್ತದೆ. ಅದಕ್ಕೆ ಮೇಲಿನ ಗಾಳಿಕಿಂಡಿಯೇ ಮುಖ್ಯ. ಚಳಿಗೆಂದೋ ಜಿರಲೆ ಬರುತ್ತದೆಂದೋ ಅದನ್ನು ಮುಚ್ಚಿಸಿರುವ ಮನೆಗಳು ತೆರೆಸಬೇಕು. ಗ್ಯಾಸ್ ಅಲಾರಂ ಇದ್ದವರು ಅದನ್ನು ನೆಲದ ಹತ್ತಿರದಿಂದ ತೆಗೆದು ಸೂರಿನ ಹತ್ತಿರಕ್ಕೆ ಏರಿಸಬೇಕು, ಅಲ್ಲಿ ಮೀಥೇನಿಗೆ ತಕ್ಕ ಅಲಾರಂ ಇರಬೇಕು.

ಗ್ಯಾಸ್ ಗೀಸರಿನ ಮಾತು ಬೇರೆಯೇ. ಒಲೆಗೆ ಹೇಳಿದ ಸಡಿಲಿಕೆ ಯಾವುದೂ ಅದಕ್ಕೆ ಸಲ್ಲದು. ಒಲೆಯಲ್ಲಿ ಒಂದು ಬರ್ನರಿಗೆ ಒಂದು ಜೆಟ್, ಉರಿ ಕಣ್ಣೆದುರಿಗೆ. ಗೀಸರಿನಲ್ಲಿ ಸಾಲು ಸಾಲು ಜೆಟ್ಟುಗಳು, ನೀರಿನ ಒತ್ತಡಕ್ಕೆ ತೆರೆದುಕೊಳ್ಳುವ ವಾಲ್ವ್, ಉರಿಯ ಮೇಲೆ ಒತ್ತೊತ್ತಾಗಿ ಜೋಡಿಸಿದ ತಾಮ್ರದ ರೆಕ್ಕೆಗಳು, ಎಲ್ಲವೂ ಡಬ್ಬಿಯೊಳಗೆ. ಗಾಳಿ ಕಮ್ಮಿಯಾದ ಉರಿಯ ಮಸಿ ಆ ರೆಕ್ಕೆಗಳ ನಡುವೆ ಕಟ್ಟಿಕೊಂಡರೆ ಹೊಗೆ ಮೇಲೇರುವ ದಾರಿ ಕಿರಿದಾಗುತ್ತದೆ, ಗಾಳಿ ಇನ್ನಷ್ಟು ಕಮ್ಮಿಯಾಗುತ್ತದೆ, ಮಾನಾಕ್ಸೈಡ್ ಇನ್ನಷ್ಟು ಹೆಚ್ಚುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರಿನಿಂದಾದ ಸಾವಿನ ಸುದ್ದಿಗಳು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ; ಅವು ಬಹುಪಾಲು ಪರಿವರ್ತನೆಯೇ ಆಗದ, ಸರಿಯಾದ ಅನಿಲದಲ್ಲೇ ಉರಿಯುತ್ತಿದ್ದ ಗೀಸರುಗಳು, ಗಾಳಿ ಸಾಲದ ಬಚ್ಚಲುಗಳು. ಅಂಥ ಉಪಕರಣದ ಜೆಟ್ಟುಗಳಿಗೆ ಡ್ರಿಲ್ ಹಿಡಿಯಲು ಯಾರನ್ನೂ ಬಿಡಬಾರದು. ಪಿಎನ್‌ಜಿಗೆಂದೇ ತಯಾರಾದ ಗೀಸರನ್ನು, ಬಚ್ಚಲಿನ ಹೊರಗೆ, ಹೊಗೆ ಹೊರಹೋಗುವ ಕೊಳವೆಯೊಂದಿಗೆ ಹಾಕಿಸಬೇಕು. ಇಲ್ಲವೇ ಸೋಲಾರ್ ಅಥವಾ ಕರೆಂಟಿನ ಗೀಸರಿಗೆ ಹೋಗಬೇಕು.

ಒಲೆಯ ಪರಿವರ್ತನೆಯನ್ನು ದಾಖಲಿಸುವುದರಲ್ಲಿ ಪೈಪ್ ಗ್ಯಾಸ್ ಕಂಪನಿಗಳಿಗೆ ಹೊಸ ಹೊರೆ ಏನೂ ಇಲ್ಲ. ಮೀಟರ್ ಹಾಕಿದ ದಿನ ಅವರು ಹೇಗೂ ಒಂದು ಕಾರ್ಡು ತುಂಬಿ ಸಹಿ ಮಾಡಿಸಿಕೊಳ್ಳುತ್ತಾರೆ. ಅದೇ ಕಾರ್ಡಿನಲ್ಲಿ ಒಲೆಯ ಮಾದರಿ, ಪ್ರತಿ ಬರ್ನರಿಗೆ ಹಾಕಿದ ಜೆಟ್ಟಿನ ನಂಬರ್, ಅದು ಹೊಸದೋ ಡ್ರಿಲ್ ಮಾಡಿದ್ದೋ, ಸಿಮ್ ಪರೀಕ್ಷೆ ಮಾಡಿದ್ದೇವೆಯೇ, ಹಳೆಯ ಜೆಟ್ ವಾಪಸ್ ಕೊಟ್ಟಿದ್ದೇವೆಯೇ ಎಂಬ ಐದು ಸಾಲುಗಳು ಸೇರಬೇಕು, ಮತ್ತು ಒಂದು ಪ್ರತಿ ಮನೆಯವರಲ್ಲಿ ಉಳಿಯಬೇಕು. ಅವು ಕಾರ್ಡಿನಲ್ಲಿ ಇಲ್ಲದಿದ್ದರೆ ಗ್ರಾಹಕರು ಕೇಳಿ ಬರೆಸಿಕೊಳ್ಳಬೇಕು. ಒಲೆ ಹೊತ್ತಿಸಿ ತೋರಿಸಿದ ಮೇಲೆ, ಸಹಿ ಹಾಕುವ ಮೊದಲು.